ಹಿತ್ತಲಿಲ್ಲದ ಊರಿನಲ್ಲಿ ಕೈತೋಟ



ದತ್ತಿ ಉಪನ್ಯಾಸವೆಂದರೆ ಸಾಹಿತ್ಯ, ಇತಿಹಾಸ, ಇಲ್ಲವೆ ತತ್ತ್ವಶಾಸ್ತ್ರ ಎಂಬುದು ನಮ್ಮಲ್ಲಿ ರೂಢಿ. ಅಂಥ ವೇದಿಕೆಯಲ್ಲಿ ಬೆಂಡೆ, ಬದನೆ, ಪುಂಡಿಪಲ್ಲೆಯ ಮಾತಾಡಲು ಒಪ್ಪಿಗೆ ಕೊಟ್ಟ ಸಮಿತಿಗೆ ಮೊದಲು ಕೃತಜ್ಞತೆ ಹೇಳುತ್ತೇನೆ. ನನ್ನ ವಿಷಯ ಮನೆಯ ತರಕಾರಿ ತೋಟ; ಅದರಲ್ಲೂ ಪುಣೆಯಂಥ ಊರಿನಲ್ಲಿ, ಫ್ಲ್ಯಾಟುಗಳಲ್ಲಿ ವಾಸಿಸುವ ನಮ್ಮ ನಿಮ್ಮಂಥವರು ಬೆಳೆಸಬಹುದಾದ, ಬೆಳೆಸಿದ ಮೇಲೆ ಉಳಿಸಿಕೊಳ್ಳಬಹುದಾದ ತೋಟ.

ಮಾತನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಈ ಊರಿನ ಹಿತ್ತಲು ಹೇಗಿತ್ತು, ಎಲ್ಲಿ ಹೋಯಿತು ಎಂಬುದು ಮೊದಲನೆಯದು. ಎರಡನೆಯದು ಮಣ್ಣು ಮತ್ತು ಗೊಬ್ಬರ. ಮೂರನೆಯದು ಋತು ಮತ್ತು ಆರೈಕೆ. ಕೊನೆಯದು ಬೀಜ, ಮತ್ತು ಬೀಜದ ಜೊತೆಗೇ ಬರುವ ನೆರೆಹೊರೆ.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ತಾರಸಿಯಲ್ಲಿ ಬೆಳೆದ ತರಕಾರಿಯಿಂದ ಸಂಸಾರ ಪೂರ್ತಿ ಸಾಗುತ್ತದೆ ಎಂಬ ಭರವಸೆ ನಾನು ಕೊಡುವುದಿಲ್ಲ. ನಾರಾಯಣಗಾವಿನ ಟೊಮ್ಯಾಟೊ, ಪುರಂದರದ ಬಟಾಣಿ ಗುಲ್‌ಟೇಕಡಿಯ ಮಾರ್ಕೆಟ್ ಯಾರ್ಡಿಗೆ ಬಂದು ಇಳಿಯುತ್ತಿರುವವರೆಗೂ ನಮ್ಮ ಅಡುಗೆ ಅವುಗಳ ಮೇಲೆಯೇ ನಿಂತಿರುತ್ತದೆ. ಹಾಗಿದ್ದೂ ಕೈತೋಟ ಏಕೆ ಬೇಕು, ಎಷ್ಟು ಬೇಕು ಎಂಬುದೇ ಇಂದಿನ ಪ್ರಶ್ನೆ.

ಮೊದಲ ಭಾಗಕ್ಕೆ ಬರುತ್ತೇನೆ. ಹಳೆಯ ಪುಣೆಯ ವಾಡೆ ಮನೆಗಳನ್ನು ನೋಡಿದವರಿಗೆ ಅವುಗಳ ಏರ್ಪಾಡು ಗೊತ್ತು: ನಡುವೆ ಚೌಕ, ಹಿಂದೆ ಪರಸು, ಅಂದರೆ ಹಿತ್ತಲು. ನಾನಾಸಾಹೇಬ ಪೇಶ್ವೆಯ ಕಾಲದಲ್ಲಿ, 1750ರ ಸುಮಾರಿಗೆ, ಕಾತ್ರಜ್ ಕೆರೆಯಿಂದ ನೆಲದೊಳಗಿನ ಕಾಲುವೆ ಕಟ್ಟಿ ಊರಿನ ತೊಟ್ಟಿಗಳಿಗೆ ನೀರು ತಂದರು. ಆ ನೀರು ಮನೆಯಲ್ಲಿ ಒಮ್ಮೆ ಬಳಕೆಯಾಗಿ ಹಿಂದೆ ಹರಿಯುವಲ್ಲಿ ನಾವು ಕೆಸು ಎನ್ನುವ ಅಳೂ, ಬಾಳೆ ಬೆಳೆಯುತ್ತಿದ್ದವು. ಮರಾಠಿ ಮನೆಯಲ್ಲಿ ಆ ಎಲೆ ಅಳೂವಡಿಯಾದರೆ, ನಮ್ಮ ಕರಾವಳಿಯ ಮನೆಯಲ್ಲಿ ಪತ್ರೊಡೆಯಾಗುತ್ತಿತ್ತು. ಧಾರವಾಡ, ವಿಜಯಪುರದ ಹಿತ್ತಲಿನಲ್ಲೂ ಇದೇ ಲೆಕ್ಕ. ಬಚ್ಚಲ ನೀರು ಬಾಳೆಗೆ, ಹಂಡೆಯ ಒಲೆಯ ಬೂದಿ ಹುಳ ಬಿದ್ದ ಅವರೆಬಳ್ಳಿಗೆ, ಕೊಟ್ಟಿಗೆಯ ಸೆಗಣಿ ಬದನೆಯ ಮಡಿಗೆ. ಅದನ್ನು ಯಾರೂ ಹವ್ಯಾಸ ಎಂದು ಕರೆಯಲಿಲ್ಲ. ಮನೆಗೆಲಸದ ಕೊನೆಯ ಭಾಗ ಹಿತ್ತಲಲ್ಲಿ ಮುಗಿಯುತ್ತಿತ್ತು, ಅಷ್ಟೆ.

ಇದರ ಪಕ್ಕದಲ್ಲೇ ಇನ್ನೊಂದು ಪರಂಪರೆ ಬೆಳೆಯಿತು. ಪಶ್ಚಿಮ ಭಾರತದ ಕೃಷಿ ಮತ್ತು ತೋಟಗಾರಿಕೆ ಸಂಘ ಹುಟ್ಟಿದ್ದು 1830ರಲ್ಲಿ. ಇಂದು ಎಂಪ್ರೆಸ್ ಗಾರ್ಡನ್ನನ್ನು ನಡೆಸುತ್ತಿರುವುದು ಅದೇ ಸಂಘ. 1873ರಲ್ಲಿ ಗಣೇಶಖಿಂಡಿಯಲ್ಲಿ ಸಸ್ಯೋದ್ಯಾನ ಶುರುವಾಯಿತು. 2020ರಲ್ಲಿ ಅದಕ್ಕೆ ಜೀವವೈವಿಧ್ಯ ಪಾರಂಪರಿಕ ತಾಣವೆಂಬ ಮನ್ನಣೆ ಸಿಕ್ಕಿತು. ಆ ಉದ್ಯಾನದ ಮೇಲ್ವಿಚಾರಕರಾಗಿದ್ದ ಜಿ. ಮಾರ್ಷಲ್ ವುಡ್ರೋ ಭಾರತದಲ್ಲಿ ತೋಟ ಮಾಡುವವರಿಗಾಗಿ 1870ರ ದಶಕದಲ್ಲಿ ಬರೆದ ಕೈಪಿಡಿ ಮುಂದೆ ಮತ್ತೆ ಮತ್ತೆ ಅಚ್ಚಾಯಿತು. ದಂಡು ಪ್ರದೇಶದ ಬಂಗಲೆಗಳ ತೋಟಗಳಲ್ಲಿ ಕೋಸು, ಹೂಕೋಸು, ಬಟಾಣಿ ಬಂದವು. ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರದ ಈ ಊರಿನ ಚಳಿಗಾಲ ಅವುಗಳಿಗೆ ಒಗ್ಗಿತು. ಇಂದು ನಮ್ಮ ಬಾಲ್ಕನಿಯಲ್ಲಿ ಡಿಸೆಂಬರಿನಲ್ಲಿ ಗಜ್ಜರಿ, ಪಾಲಕ್ ಚೆನ್ನಾಗಿ ಬರುತ್ತವೆಂದರೆ ಅದಕ್ಕೆ ಇದೇ ಹವೆ ಕಾರಣ.

ಹಿತ್ತಲು ಹೋದದ್ದು ಹೇಗೆ? 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು, ಮುಠಾ ನದಿಯ ದಂಡೆಯ ಪೇಟೆಗಳಲ್ಲಿ ಅನೇಕ ವಾಡೆಗಳು ನೆಲಸಮವಾದವು. ಉಳಿದವು ಒಂದೊಂದಾಗಿ ಕಟ್ಟಡ ಕಟ್ಟುವವರ ಕೈಸೇರಿದವು. ಊರು ಸಹಕಾರಿ ಹೌಸಿಂಗ್ ಸೊಸೈಟಿಗಳ ಊರಾಯಿತು. ಕೊಥರೂಡ್, ವಾರಜೆ, ಬಾಣೇರ್ ಕಡೆಯ ಹೊಲಗಳ ಮೇಲೆ ನಾವೇ ಬಂದು ಕುಳಿತೆವು. ಜಾಗ ಹೋಯಿತೆಂದು ಎಲ್ಲರೂ ಹಳಹಳಿಸುತ್ತೇವೆ. ನನ್ನ ಮಟ್ಟಿಗೆ ಜಾಗಕ್ಕಿಂತ ದೊಡ್ಡ ನಷ್ಟ ಆ ಏರ್ಪಾಡಿನದು. ನೀರು, ಸಿಪ್ಪೆ, ಬೂದಿ ಇವೆಲ್ಲ ಒಂದೆಡೆ ಸೇರಿ ಮತ್ತೆ ಅಡುಗೆಮನೆಗೆ ಮರಳುವ ದಾರಿ ಕಡಿದುಹೋಯಿತು. ಕೈತೋಟವೆಂದರೆ ಆ ದಾರಿಯನ್ನು ಮತ್ತೆ ಕೂಡಿಸುವ ಕೆಲಸ. ಈ ಮಾತನ್ನು ಆಧಾರವಾಗಿಟ್ಟುಕೊಂಡು ಎರಡನೆಯ ಭಾಗಕ್ಕೆ ಹೋಗೋಣ.

ತಾರಸಿಯಲ್ಲಿ ತೋಟ ಎಂದಾಗ ಉತ್ಸಾಹಿಗಳು ಮೊದಲು ಮಾಡುವ ಕೆಲಸ ಇಟ್ಟಿಗೆ ಕಟ್ಟಿ ಒಂದು ಅಡಿ ಮಣ್ಣು ತುಂಬುವುದು. ದಯವಿಟ್ಟು ಅದನ್ನು ಮಾಡಬೇಡಿ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ ಐಎಸ್ 875 ಲೆಕ್ಕ ಹಿಡಿಯುವ ಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿಲೋ. ಒಂದಡಿ ದಪ್ಪದ ಹಸಿ ಮಣ್ಣು ಅಷ್ಟೇ ಜಾಗದಲ್ಲಿ ಸುಮಾರು 500 ಕಿಲೋ ತೂಗುತ್ತದೆ. ಅದರಲ್ಲೂ ಪುಣೆಯ ಕಪ್ಪು ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಕುಂಡದಲ್ಲಿ ಅದೊಂದನ್ನೇ ತುಂಬಿದರೆ ಬೇರಿಗೆ ಉಸಿರಾಡಲು ಎಡೆ ಇರುವುದಿಲ್ಲ.

ಇದಕ್ಕೆ ಉತ್ತರ ಹುಡುಕಿದವರು ಈ ರಾಜ್ಯದಲ್ಲೇ ಇದ್ದರು. ಮುಂಬಯಿಯ ಡಾ. ಆರ್. ಟಿ. ದೋಶಿ ಅವರು ತಾರಸಿಯಲ್ಲಿ ಪ್ಲಾಸ್ಟಿಕ್ ಚೀಲ, ಡ್ರಮ್ಮುಗಳಿಗೆ ಬಹುಪಾಲು ಕಬ್ಬಿನ ಸಿಪ್ಪೆ ತುಂಬಿ, ಮೇಲೆ ಸ್ವಲ್ಪವೇ ಮಣ್ಣುಗೊಬ್ಬರ ಹಾಕಿ ತರಕಾರಿ ಬೆಳೆದು ತೋರಿಸಿದರು. ಸಿಪ್ಪೆ ಹಗುರ, ನೀರು ಹಿಡಿದಿಡುತ್ತದೆ, ಕೊಳೆಯುತ್ತಾ ತಾನೇ ಗೊಬ್ಬರವಾಗುತ್ತದೆ. ಕೊಲ್ಹಾಪುರದ ಗಣಿತದ ಅಧ್ಯಾಪಕ ಶ್ರೀಪಾದ ದಾಭೋಳಕರರು ಪ್ರಯೋಗ ಪರಿವಾರ ಎಂಬ ಬಳಗ ಕಟ್ಟಿ, ಎಲೆಯ ಮೇಲೆ ಬೀಳುವ ಬಿಸಿಲೇ ಬೆಳೆಯ ನಿಜವಾದ ಬಂಡವಾಳ ಎಂಬುದನ್ನು ಸಣ್ಣ ರೈತರಿಗೂ ನಗರದವರಿಗೂ ಮನಗಾಣಿಸಿದರು. ಇದೇ ಪುಣೆಯಲ್ಲಿ ಉದಯ್ ಭವಾಳಕರರು 1980ರ ದಶಕದಿಂದ ಎರೆಹುಳುವಿನ ಮೇಲೆ ಕೆಲಸ ಮಾಡಿದರು. ನಮ್ಮೂರಿನ ರಸ್ತೆ ರಸ್ತೆಗೂ ಕಬ್ಬಿನ ಹಾಲು ಮಾರುವ ರಸವಂತಿ ಗೃಹಗಳಿವೆ. ಗಾಣದಿಂದ ಹೊರಬಿದ್ದ ಸಿಪ್ಪೆ ಅಂಗಡಿಯ ಪಕ್ಕದಲ್ಲೇ ರಾಶಿ ಬಿದ್ದಿರುತ್ತದೆ. ಒಂದು ಚೀಲ ಒಯ್ಯುತ್ತೇನೆಂದರೆ ಬೇಡ ಎನ್ನುವವರು ಕಡಿಮೆ. ತಂದು ಎರಡು ದಿನ ಬಿಸಿಲಿಗೆ ಹರವಿ ಒಣಗಿಸಿದರೆ ಸಿಹಿಯ ವಾಸನೆಗೆ ಮುತ್ತುವ ಇರುವೆ, ನೊಣದ ಕಾಟ ತಪ್ಪುತ್ತದೆ. ಸಿಪ್ಪೆ ಸಿಗದಿದ್ದರೆ ಕೆಂಪು ಮಣ್ಣು, ಕಾಂಪೋಸ್ಟ್, ತೆಂಗಿನ ನಾರಿನ ಪುಡಿ ಈ ಮೂರನ್ನೂ ಸಮಪಾಲು ಬೆರೆಸಿ, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ ಸೇರಿಸಿದರೆ ಸಾಕು. ಸೊಪ್ಪಿಗೆ ಅರ್ಧ ಅಡಿ ಆಳ, ಬದನೆ ಟೊಮ್ಯಾಟೊಗೆ ಒಂದಡಿ.

ಇನ್ನು ತೋಟದ ಗಾತ್ರ. ಇಲ್ಲಿ ನನ್ನದೊಂದು ಲೆಕ್ಕವಿದೆ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಸುಮಾರು ಒಂದು ಕಿಲೋ ಹಸಿ ಕಸ ಬೀಳುತ್ತದೆ. ತಿಂಗಳಿಗೆ 30 ಕಿಲೋ. ಒಣ ಎಲೆ ಬೆರೆಸಿ ಕೊಳೆಸಿದರೆ ಎರಡು ಮೂರು ತಿಂಗಳಲ್ಲಿ ಅದು ಇಳಿದು ಐದಾರು ಕಿಲೋ ಗೊಬ್ಬರವಾಗುತ್ತದೆ. ಕುಂಡವೊಂದಕ್ಕೆ ತಿಂಗಳಿಗೆ ಎರಡು ಮೂರು ಹಿಡಿ, ಅಂದರೆ ಕಾಲು ಕಿಲೋ ಹಾಕಿದರೆ ಇದು ಸುಮಾರು 20 ಕುಂಡಗಳಿಗೆ ಸಾಲುತ್ತದೆ. ಹಾಗಾದರೆ ನಿಮ್ಮ ತೋಟ 20 ಕುಂಡಗಳದು. 50 ಇಟ್ಟರೆ ಗೊಬ್ಬರ ಕೊಳ್ಳಬೇಕು, ನೀರು ಸಾಲದು, ಮೇ ತಿಂಗಳಲ್ಲಿ ಮನೆಯವರ ಉತ್ಸಾಹವೂ ಸಾಲದು. ಜಾಗ ನೋಡಿ ತೋಟದ ಅಳತೆ ಹಾಕುವುದಕ್ಕಿಂತ ಮನೆಯ ಕಸ ನೋಡಿ ಅಳತೆ ಹಾಕುವುದು ಮೇಲು.

ಕಸ ಕೊಳೆಸುವ ವಿಧಾನ ಸರಳ. ತಳದಲ್ಲಿ, ಬದಿಗಳಲ್ಲಿ ತೂತಿರುವ ಮೂರು ಡಬ್ಬಿಗಳು. ಒಂದು ತುಂಬುತ್ತಿರುವಾಗ ಎರಡನೆಯದು ಮಾಗುತ್ತಿರುತ್ತದೆ, ಮೂರನೆಯದು ಬಳಕೆಗೆ ಸಿದ್ಧವಾಗಿರುತ್ತದೆ. ಒಂದು ಪದರ ಸಿಪ್ಪೆ ಬಿದ್ದರೆ ಮೇಲೊಂದು ಪದರ ಒಣ ಎಲೆ. ವಾಸನೆ ಬಂದರೆ ಒಣಗಿದ್ದು ಕಡಿಮೆಯಾಗಿದೆ, ಗಾಳಿ ಸಾಲದು. ಇಡೀ ರಾಶಿ ಹಾಗೆಯೇ ಕುಳಿತಿದ್ದರೆ ಹಸಿ ಕಡಿಮೆಯಾಗಿದೆ. ಫೆಬ್ರವರಿ, ಮಾರ್ಚಿನಲ್ಲಿ ಸೊಸೈಟಿಯ ಆವರಣದಲ್ಲಿ ಉದುರುವ ಎಲೆಯನ್ನು ಸುಡಲು ಬಿಡದೆ ಗೋಣಿಚೀಲದಲ್ಲಿ ತುಂಬಿಟ್ಟರೆ ವರ್ಷವಿಡೀ ಬರುತ್ತದೆ.

ಇದು ಬರೀ ಮನೆಯ ಪ್ರಶ್ನೆಯೂ ಅಲ್ಲ. ಪುಣೆಯ ಕಸವನ್ನು ವರ್ಷಗಟ್ಟಲೆ ಹೊತ್ತದ್ದು ಉರುಳಿ ದೇವಾಚಿ, ಫುರಸುಂಗಿ ಗ್ರಾಮಗಳು. ಅಲ್ಲಿಯ ಜನ ಪದೇ ಪದೇ ರಸ್ತೆಗಿಳಿದು ಲಾರಿಗಳನ್ನು ತಡೆದರು. ನಮ್ಮ ಬಾಗಿಲಿಗೆ ಬಂದು ಕಸ ಒಯ್ಯುವ ‘ಸ್ವಚ್ಛ್’ ಸಂಸ್ಥೆ ಕಸ ಆಯುವವರೇ ಕಟ್ಟಿಕೊಂಡ ಸಹಕಾರ ಸಂಘ. 2008ರಿಂದ ಮಹಾನಗರಪಾಲಿಕೆಯೊಡನೆ ಕರಾರು ಮಾಡಿಕೊಂಡು ನಡೆದಿದೆ. ಹಸಿ ಕಸ ಮನೆಯಲ್ಲೇ ಉಳಿದರೆ ಆ ಸಂಘದವರ ಕೈಗೆ ಸೇರುವ ಕಾಗದ, ಬಾಟಲಿ ಒಣಗಿ ಚೊಕ್ಕಟವಾಗಿರುತ್ತವೆ, ಮಾರಾಟಕ್ಕೆ ಬರುತ್ತವೆ. ಎರೆಗೊಬ್ಬರ ಮಾಡುವ ಮನೆಗಳಿಗೆ ಪಾಲಿಕೆ ಮನೆ ತೆರಿಗೆಯಲ್ಲಿ ರಿಯಾಯಿತಿಯನ್ನೂ ಇಟ್ಟಿದೆ.

ಈಗ ಮೂರನೆಯ ಭಾಗ, ಋತು ಮತ್ತು ಆರೈಕೆ. ತೋಟ ಹಾಕುವುದು ಒಂದು ಭಾನುವಾರದ ಕೆಲಸ. ಅದನ್ನು ನಡೆಸಿಕೊಂಡು ಹೋಗುವುದಕ್ಕೆ ಈ ಊರಿನ ಆಕಾಶವನ್ನು ತಿಳಿದಿರಬೇಕು.

ಪುಣೆಗೆ ಮುಂಗಾರು ಬರುವುದು ಜೂನ್ ಎರಡನೆಯ ವಾರದ ಹೊತ್ತಿಗೆ. ನಮ್ಮ ಹಿರಿಯರ ಲೆಕ್ಕದಲ್ಲಿ ಮಿರಗದ, ಅಂದರೆ ಮೃಗಶಿರೆಯ, ಮಳೆ. ವರ್ಷದಲ್ಲಿ ಬೀಳುವ ಸುಮಾರು 700 ಮಿಲಿಮೀಟರಿನಲ್ಲಿ ಹೆಚ್ಚಿನದು ಸೆಪ್ಟೆಂಬರ್ ಒಳಗೇ ಮುಗಿಯುತ್ತದೆ. ಈ ಕಾಲ ಬೆಂಡೆ, ಹೀರೆ, ಪಡವಲ, ಕೆಸು, ಪುಂಡಿಗೆ ಹೇಳಿಮಾಡಿಸಿದ್ದು. ಮೆಂತ್ಯ, ಕೊತ್ತಂಬರಿಯನ್ನು ಜಡಿಮಳೆಯಲ್ಲಿ ಹಾಕಿದರೆ ಬುಡ ಕೊಳೆಯುತ್ತದೆ. ಅವು ಅಕ್ಟೋಬರಿನ ಧಗೆ ಇಳಿಯುವವರೆಗೆ ಕಾಯಲಿ. ನವೆಂಬರಿನಿಂದ ಫೆಬ್ರವರಿ ನಮ್ಮ ಸುಗ್ಗಿ: ಟೊಮ್ಯಾಟೊ, ಪಾಲಕ್, ಸಬ್ಬಸಿಗೆ, ಮೂಲಂಗಿ, ಬಟಾಣಿ. ಮಾರ್ಚಿನ ನಂತರ ರಾತ್ರಿಯೂ ಬಿಸಿಯೇರಿ ಟೊಮ್ಯಾಟೊ ಹೂವು ಉದುರಿಸತೊಡಗುತ್ತದೆ. ಅದು ರೋಗವೆಂದು ಔಷಧಿ ಹೊಡೆಯುವುದು ದಂಡ. ಏಪ್ರಿಲ್, ಮೇಗೆ ಹಸಿರು ನೆರಳುಬಲೆ ಕಟ್ಟಿ, ರಾಜಗಿರಿ, ಚವಳಿಕಾಯಿ, ಬಸಳೆಯನ್ನಷ್ಟೇ ಉಳಿಸಿಕೊಂಡರೆ ಜಾಣತನ. ಊರಿಗೆ ನೀರು ಕೊಡುವ ಖಡಕವಾಸಲಾ, ಪಾನಶೇತ್, ವರಸಗಾವ್, ಟೇಮಘರ್ ಜಲಾಶಯಗಳು ತಳ ಕಾಣುವ ತಿಂಗಳುಗಳು ಅವು. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಡುವ ಮನೆಯಲ್ಲಿ ತೋಟ ಉಳಿಯುತ್ತದೆ. ಕುಂಡದ ಮೇಲೆ ಎರಡು ಬೆರಳು ದಪ್ಪ ಒಣ ಎಲೆಯ ಹೊದಿಕೆ ಹಾಕಿದರೆ ನೀರಿನ ಖರ್ಚು ಇನ್ನೂ ತಗ್ಗುತ್ತದೆ.

ಬಾಲ್ಕನಿಯ ದಿಕ್ಕಿನ ಬಗ್ಗೆ ಒಂದು ಮಾತು. ದಕ್ಷಿಣಕ್ಕೆ ಮುಖ ಮಾಡಿದ ಬಾಲ್ಕನಿಗೆ ಚಳಿಗಾಲದ ಓರೆಬಿಸಿಲು ಒಳಗಿನವರೆಗೂ ಬರುತ್ತದೆ. ಟೊಮ್ಯಾಟೊ, ಬದನೆಗೆ ಅದು ಬೇಕೇಬೇಕು. ಉತ್ತರದ ಬಾಲ್ಕನಿಯವರು ನಿರಾಶರಾಗಬೇಕಿಲ್ಲ. ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಈ ಊರಿನಲ್ಲಿ ನಡುಹಗಲಿನ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ. ಉಳಿದ ಕಾಲದಲ್ಲಿ ಮೂರು ನಾಲ್ಕು ಗಂಟೆಯ ಬೆಳಕಿಗೇ ತೃಪ್ತಿಪಡುವ ಸೊಪ್ಪುಗಳಿವೆ, ಪುದೀನ ಇದೆ. ಹಣ್ಣು, ಕಾಯಿ ಬಿಡುವ ಗಿಡಕ್ಕೆ ಮಾತ್ರ ಆರು ಗಂಟೆಯ ಬಿಸಿಲಿಗೆ ಕಡಿಮೆಯಾಗಬಾರದು.

ಆರೈಕೆಯ ವಿಷಯದಲ್ಲಿ ನನಗೆ ಅತಿ ಹೆಚ್ಚು ಸಲ ಕೇಳಿಬಂದಿರುವ ದೂರು ಇದು: ‘ಹೀರೆಬಳ್ಳಿ ತುಂಬ ಹೂವಿದೆ, ಒಂದೂ ಕಾಯಿ ಕಚ್ಚುವುದಿಲ್ಲ.’ ಬಳ್ಳಿಯ ಹತ್ತಿರ ಹೋಗಿ ನೋಡಬೇಕು. ಗೊಂಚಲಾಗಿ ಬರುವವು ಗಂಡು ಹೂವುಗಳು; ಒಂಟಿಯಾಗಿ ಬಂದು, ಬುಡದಲ್ಲಿ ಕಿರುಬೆರಳಿನಷ್ಟು ಏಣಿನ ಮಿಡಿ ಹೊತ್ತದ್ದು ಹೆಣ್ಣು. ಮೊದಲು ಬರುವವೆಲ್ಲ ಗಂಡೇ. ಹೆಣ್ಣು ಬಂದ ಮೇಲೂ ಇನ್ನೊಂದು ತೊಡಕಿದೆ. ಕುಂಬಳದ ಹೂವು ಬೆಳಗ್ಗೆ ಅರಳುತ್ತದೆ, ಹೀರೆಯದು ಸಂಜೆ. ನಾವು ಬೆಳಗ್ಗೆ ಚಹಾ ಕುಡಿಯುತ್ತಾ ನೋಡುವ ಹೊತ್ತಿಗೆ ಅದರ ಕಾಲ ಮೀರಿರುತ್ತದೆ. ಐದನೆಯ ಮಹಡಿಗೆ ಸಂಜೆಗೆ ಹುಳಗಳು ಹತ್ತಿ ಬರುವುದೂ ಅಪರೂಪ. ಆದ್ದರಿಂದ ದೀಪ ಹಚ್ಚುವ ಹೊತ್ತಿಗೆ ಆಗತಾನೇ ಬಿರಿದ ಗಂಡು ಹೂವೊಂದನ್ನು ಕಿತ್ತು, ಹಳದಿ ಎಸಳು ತೆಗೆದು, ನಡುವಿನ ಕೇಸರವನ್ನು ಹೆಣ್ಣು ಹೂವಿನ ಮುಡಿಗೆ ಮೆಲ್ಲಗೆ ತಾಗಿಸಬೇಕು. ಬೆರಳಿಗೆ ಹಳದಿ ಪುಡಿ ಅಂಟಿದರೆ ಕೆಲಸ ಆಯಿತೆಂದು ತಿಳಿಯಿರಿ. ಕೂಡಿದ್ದರೆ ಎರಡು ಮೂರು ದಿನಗಳಲ್ಲಿ ಮಿಡಿ ದಪ್ಪವಾಗುತ್ತದೆ. ಕೂಡದಿದ್ದರೆ ಹಳದಿಯಾಗಿ ಉದುರುತ್ತದೆ. ಟೊಮ್ಯಾಟೊಗೆ ಇಷ್ಟೂ ಬೇಡ, ಗೊಂಚಲಿನ ತೊಟ್ಟನ್ನು ಬೆರಳಿನಿಂದ ತಟ್ಟಿದರೆ ಸಾಕು.

ಟೊಮ್ಯಾಟೊದ ತಳ ಕಪ್ಪಾಗಿ ಕೊಳೆಯುವುದನ್ನೂ ನೀವು ಕಂಡಿರಬಹುದು. ಗಿಡಕ್ಕೆ ಸುಣ್ಣದ ಅಂಶ ಸಾಲದೆ ಆಗುವ ತೊಂದರೆ ಅದು. ಆದರೆ ಬಹುಪಾಲು ಸಲ ಸುಣ್ಣ ಮಣ್ಣಿನಲ್ಲೇ ಇರುತ್ತದೆ. ಎರಡು ದಿನ ಒಣಗಿಸಿ ಮೂರನೆಯ ದಿನ ಮುಳುಗಿಸಿದರೆ ಬೇರು ಅದನ್ನು ಮೇಲೇರಿಸಲಾರದು. ಹೊತ್ತು ತಪ್ಪದೆ ಹದವಾಗಿ ನೀರು ಕೊಡುವುದೇ ಮದ್ದು.

ಹುಳಗಳ ವಿಷಯಕ್ಕೆ ಒಂದು ನಿಜ ಪ್ರಸಂಗ ಹೇಳುತ್ತೇನೆ. 2008ರಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯಿ ಹಿಟ್ಟುತಿಗಣೆ ಮೊದಲ ಬಾರಿಗೆ ಕಾಣಿಸಿಕೊಂಡು ದಕ್ಷಿಣದ ರಾಜ್ಯಗಳಿಗೂ ಮಹಾರಾಷ್ಟ್ರಕ್ಕೂ ಹಬ್ಬಿತು. ಮೈತುಂಬ ಮೇಣ ಹೊದ್ದ ಅದಕ್ಕೆ ಔಷಧಿ ನಾಟಲಿಲ್ಲ. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೀಟ ಸಂಸ್ಥೆ ಹೊರದೇಶದಿಂದ ತರಿಸಿದ ಸಾಸಿವೆಗಿಂತ ಚಿಕ್ಕದಾದ ಪರತಂತ್ರ ಕಣಜಗಳು ಅದರ ಸೊಕ್ಕಡಗಿಸಿದವು. ಮನೆಯ ತೋಟಕ್ಕೂ ಇದೇ ಪಾಠ. ಎಲೆಯ ಅಡಿಯಲ್ಲಿ ಹೇನು ಕಂಡರೆ ಮೊದಲು ರಭಸದ ನೀರು. ಬಗ್ಗದಿದ್ದರೆ ಲೀಟರ್ ನೀರಿಗೆ ಒಂದು ಚಹಾ ಚಮಚ ಬೇವಿನ ಎಣ್ಣೆ, ಬೆರೆಯಲು ನಾಲ್ಕು ಹನಿ ಸೋಪಿನ ದ್ರಾವಣ. ಸಂಜೆ ಹೊತ್ತು, ಎಲೆಯ ಅಡಿಭಾಗಕ್ಕೆ ಸಿಂಪಡಿಸುವುದು. ಗುಲಗಂಜಿ ಹುಳು ಕಂಡಲ್ಲಿ ಆ ಸಿಂಪಡಣೆಯನ್ನೂ ನಿಲ್ಲಿಸಿ. ಆ ಹುಳು ನಮಗಿಂತ ಚೆನ್ನಾಗಿ ಹೇನು ಆರಿಸುತ್ತದೆ.

ಕೊನೆಯ ಭಾಗಕ್ಕೆ ಬಂದಿದ್ದೇವೆ. ಬೀಜದ ವಿಷಯದಲ್ಲಿ ನನಗೆ ಎರಡು ದಾರಿಗಳು ಕಾಣುತ್ತವೆ, ಎರಡೂ ಬೇಕು. ಒಂದು ಸಂಶೋಧನಾಲಯದ ದಾರಿ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ’ ತಳಿಗಳು ಹೆಸರಾದವು. ಹಳದಿ ನಂಜುರೋಗ ಬೆಂಡೆಯನ್ನು ಮುಗಿಸುತ್ತಿದ್ದಾಗ ಅರ್ಕಾ ಅನಾಮಿಕ ಬಂತು. ನಾಟಿ ಅವರೆ ಹಗಲು ಕಿರಿದಾದಾಗಲೇ ಹೂಬಿಡುವ ಬಳ್ಳಿ; ಫೆಬ್ರವರಿಯಲ್ಲಿ ಬಿತ್ತಿದರೆ ತಿಂಗಳುಗಟ್ಟಲೆ ಬರೀ ಎಲೆ. ಅರ್ಕಾ ಜಯ್ ಆ ಕಟ್ಟುಪಾಡಿಲ್ಲದ ಗಿಡ್ಡ ತಳಿ, ಕುಂಡಕ್ಕೆ ಒಪ್ಪುವಂಥದು.

ಇನ್ನೊಂದು ರಾಹೀಬಾಯಿ ಪೋಪೆರೆಯವರ ದಾರಿ. ಆಕೆ ಅಕೋಲೆ ತಾಲ್ಲೂಕಿನ ಕೊಂಭಾಳಣೆ ಗ್ರಾಮದ ಆದಿವಾಸಿ ಹೆಣ್ಣುಮಗಳು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ತಮ್ಮ ಸುತ್ತಲಿನ ಅವರೆ, ಭತ್ತ, ಸೊಪ್ಪುಗಳ ನಾಟಿ ಬೀಜಗಳನ್ನು ಕೂಡಿಟ್ಟು, ಬೆಳೆಸಿ, ಹಂಚಿದರು. ನಮ್ಮ ವಾರಜೆಯಲ್ಲಿ ಮುಖ್ಯ ಕಚೇರಿ ಇರುವ ಬಾಯ್ಫ್ ಸಂಸ್ಥೆ ಅವರ ಬೀಜಬ್ಯಾಂಕಿಗೆ ಬೆಂಬಲವಾಗಿ ನಿಂತಿತು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಅವರ ಕೆಲಸದ ಬೇರು ಇರುವುದು ಪರಸಬಾಗಿನಲ್ಲಿ, ಅಂದರೆ ಹಿತ್ತಲಲ್ಲಿ. ಹೈಬ್ರಿಡ್ ಬೀಜವನ್ನು ಪ್ರತಿ ವರ್ಷ ಕೊಳ್ಳಬೇಕು. ನಾಟಿ ಬದನೆಯ ಒಂದು ಹಣ್ಣನ್ನು ಗಿಡದಲ್ಲೇ ಹಳದಿಯಾಗುವವರೆಗೆ ಬಿಟ್ಟು, ಬೀಜ ತೊಳೆದು, ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ ಕಟ್ಟಿಟ್ಟರೆ ಇಡೀ ಸೊಸೈಟಿಗೆ ಹಂಚಬಹುದು.

ಪುಣೆಯ ಕನ್ನಡಿಗರಿಗೆ ಇದರಲ್ಲಿ ವಿಶೇಷ ಪಾಲಿದೆ. ಬಾಗಲಕೋಟೆ, ಕಲಬುರಗಿಯಿಂದ ಬಂದವರ ಮನೆಗೆ ಪುಂಡಿ ಬೇಕು. ಉಡುಪಿ, ಕುಂದಾಪುರದವರಿಗೆ ಬಸಳೆ, ಕೆಂಪು ಹರಿವೆ. ಹಳೆಯ ಮೈಸೂರಿನವರಿಗೆ ದಂಟು, ದೊಡ್ಡಪತ್ರೆ. ಮಂಡಯಿ ಮಾರುಕಟ್ಟೆಯಲ್ಲಿ ಅಂಬಾಡಿ ಎಂದು ಕೇಳಿದರೆ ಪುಂಡಿ ಸಿಗುತ್ತದೆ, ಮಾಯಾಳು ಎಂದರೆ ಬಸಳೆ. ಆದರೆ ಬೇಕಾದ ದಿನ ನಾಲ್ಕು ಕುಡಿ ಚಿವುಟಿ ತರುವ ಅನುಕೂಲ ಕುಂಡದಲ್ಲಿದೆ. ಪುಂಡಿಯ ಕುಡಿ ಚಿವುಟಿದಷ್ಟೂ ಕವಲೊಡೆಯುತ್ತದೆ. ಮಾರುಕಟ್ಟೆ ಸರಿಯಾಗಿ ಒದಗಿಸದ ಬೆಳೆಗೇ ಮನೆಯ 20 ಕುಂಡಗಳನ್ನು ಮೀಸಲಿಡಬೇಕೆಂಬುದು ನನ್ನ ಸಲಹೆ. ಆಲೂಗಡ್ಡೆ, ಉಳ್ಳಾಗಡ್ಡಿಗೆ ಜಾಗ ಕೊಡುವುದರಲ್ಲಿ ಅರ್ಥವಿಲ್ಲ.

ತೋಟ ಒಂಟಿಯಾಗಿ ಬಹಳ ದಿನ ನಿಲ್ಲುವುದಿಲ್ಲ ಎಂಬುದಕ್ಕೆ ಬೆಂಗಳೂರು ಸಾಕ್ಷಿ. ಕೀಟಶಾಸ್ತ್ರಜ್ಞ ಡಾ. ಬಿ. ಎನ್. ವಿಶ್ವನಾಥ್ ಅವರು ತಾರಸಿ ತೋಟದ ತರಗತಿಗಳನ್ನು ನಡೆಸಿ ಕಟ್ಟಿದ ಬಳಗ 2011ರಲ್ಲಿ ‘ಊಟ ಫ್ರಮ್ ಯುವರ್ ತೋಟ’ ಎಂಬ ಸಂತೆ ಶುರುಮಾಡಿತು. ಬೀಜ, ಸಸಿ, ಅನುಭವ ಅಲ್ಲಿ ಕೈಬದಲಾದವು. ನಮ್ಮ ಊರಿನಲ್ಲೂ ಇದು ಸಾಧ್ಯ. ತಾರಸಿ ಸೊಸೈಟಿಯ ಎಲ್ಲರ ಸ್ವತ್ತು. ಅಲ್ಲಿ ಕುಂಡ ಇಡಲು ಸಭೆಯ ಒಪ್ಪಿಗೆ ಬೇಕು. ಆ ಒಪ್ಪಿಗೆಯನ್ನು ಒಬ್ಬರು ಕೇಳುವುದಕ್ಕಿಂತ ಐದು ಮನೆಯವರು ಸೇರಿ, ಜಲನಿರೋಧಕ ಪದರಕ್ಕೆ ಧಕ್ಕೆಯಾಗದಂತೆ ಸ್ಟ್ಯಾಂಡಿನ ಮೇಲೆ, ಗೋಡೆಯ ಅಂಚಿಗೆ ಇಡುತ್ತೇವೆಂದು ಬರೆದುಕೊಟ್ಟು ಕೇಳಿದರೆ ಕೆಲಸ ಬೇಗ ಆಗುತ್ತದೆ. ಒಬ್ಬರು ಊರಿಗೆ ಹೋದಾಗ ಉಳಿದವರು ನೀರು ಹಾಕುತ್ತಾರೆ. ರಜೆಯಲ್ಲಿ ಒಣಗಿ ನಿಂತುಹೋದ ತೋಟಗಳೇ ಹೆಚ್ಚು. ರೋಗದಿಂದ ಹೋದವು ಕಡಿಮೆ.

ಮುಗಿಸುವ ಮುನ್ನ ಈ ಸಭೆಗೆ ಒಂದು ಕೋರಿಕೆ. ಪ್ರತಿ ವರ್ಷ ಮಿರಗ ಕೂಡುವ ಹಿಂದಿನ ಭಾನುವಾರ ಇದೇ ಸಭಾಂಗಣದಲ್ಲಿ ಬೀಜದ ವಿನಿಮಯವೊಂದು ನಡೆಯಲಿ. ಮರಾಠಿ ನೆರೆಯವರನ್ನೂ ಕರೆಯೋಣ. ಅವರ ಚಾಕವತ, ಚುಕಾ ಸೊಪ್ಪು ನಮಗೆ ಬರಲಿ, ನಮ್ಮ ಹರಿವೆ ಅವರಿಗೆ ಹೋಗಲಿ. ಅದಕ್ಕೆ ಸಿದ್ಧತೆಯನ್ನು ಕುಂಡ ಕೊಳ್ಳುವುದರಿಂದ ಶುರುಮಾಡಬೇಡಿ. ಮೊದಲು ಮೂರು ಡಬ್ಬಿ, ಒಂದು ಚೀಲ ಒಣ ಎಲೆ. ಮಾರ್ಚಿನಲ್ಲಿ ಕಸ ಕೂಡಿಡತೊಡಗಿದರೆ ಜೂನಿಗೆ ಮೊದಲ ಗೊಬ್ಬರ ಕೈಗೆ ಬರುತ್ತದೆ. ಎಷ್ಟು ಗೊಬ್ಬರ ಬಂತೆಂದು ತೂಗಿ ನೋಡಿ, ಅಷ್ಟಕ್ಕೆ ತಕ್ಕಷ್ಟೇ ಕುಂಡ ಇಡಿ. ಆ ಮೂರು ತಿಂಗಳು ಡಬ್ಬಿಯನ್ನು ಬೇಸರವಿಲ್ಲದೆ ನೋಡಿಕೊಂಡವರು ಗಿಡಗಳನ್ನೂ ನೋಡಿಕೊಳ್ಳುತ್ತಾರೆ. ಅಷ್ಟರಲ್ಲೇ ಬೇಸರ ಬಂದವರಿಗೆ ಕುಂಡದ ಖರ್ಚು ಉಳಿಯುತ್ತದೆ.